ಮುಚ್ಚಳ ತೆಗೆದಿರಿ, ಕಲ್ಲು ಎಣಿಸಿದಿರಾ?

ಅಮೆರಿಕದಲ್ಲಿ ಗುಜರಿ ಚಿನ್ನ ಕೊಳ್ಳುವವರ ಮೇಜಿನ ಮೇಲೆ ಹಳೆಯ ರೈಲ್ವೆ ಜೇಬುಗಡಿಯಾರಕ್ಕೆ ಸಿಗುವ ಮರ್ಯಾದೆ ಇಷ್ಟೇ: ಮುಚ್ಚಳ ಬಿಚ್ಚು, ಒಳಗಿನ ಯಂತ್ರ ಕಿತ್ತು ಡಬ್ಬಿಗೆ ಎಸೆ, ಕವಚವನ್ನು ತಕ್ಕಡಿಗೆ ಹಾಕು. 1980ರ ಜನವರಿಯಲ್ಲಿ ಚಿನ್ನ ಔನ್ಸಿಗೆ 850 ಡಾಲರ್ ಮುಟ್ಟಿದಾಗ ನಡೆದದ್ದು ಇದೇ, 2011ರಲ್ಲಿ 1,900 ದಾಟಿದಾಗ ನಡೆದದ್ದೂ ಇದೇ. ಎಷ್ಟು ಕರಗಿದವು? ಮೂಸೆ ಲೆಕ್ಕ ಬರೆದಿಡುವುದಿಲ್ಲ.

ಹೊಟ್ಟೆ ಉರಿಯುವುದು ಇದಕ್ಕೆ: ರೈಲ್ವೆ ನೌಕರರ ಎಷ್ಟೋ ಗಡಿಯಾರಗಳ ಕವಚ ಅಪ್ಪಟ ಚಿನ್ನವೇ ಅಲ್ಲ. ಹಿತ್ತಾಳೆಯಂಥ ಲೋಹಕ್ಕೆ ಹೊದಿಸಿದ ತೆಳು ಚಿನ್ನದ ಹಾಳೆ ಅದು. ಚಿಟಿಕೆ ಚಿನ್ನಕ್ಕಾಗಿ ನೂರು ವರ್ಷ ನಡೆದ ಯಂತ್ರವನ್ನು ಅನಾಥ ಮಾಡುತ್ತಾರಲ್ಲ, ಇವರಿಗೆ ವ್ಯಾಪಾರವಾದರೂ ಬರುತ್ತದೆಯೇ?

ಆ ಯಂತ್ರ ಹುಟ್ಟಿದ್ದು ಹೆಣಗಳ ಸಾಕ್ಷಿಯಲ್ಲಿ. 1891ರ ಏಪ್ರಿಲ್‌ನಲ್ಲಿ ಒಹಾಯೋದ ಕಿಪ್ಟನ್ ಬಳಿ ಎರಡು ರೈಲು ಮುಖಾಮುಖಿ ಡಿಕ್ಕಿ ಹೊಡೆದವು. ಒಬ್ಬ ಚಾಲಕನ ಗಡಿಯಾರ ನಾಲ್ಕು ನಿಮಿಷ ನಿಂತು ಮತ್ತೆ ನಡೆದಿತ್ತು ಎನ್ನುತ್ತಾರೆ. ಆಮೇಲೆ ಕ್ಲೀವ್‌ಲ್ಯಾಂಡಿನ ವೆಬ್ ಬಾಲ್ ಎಂಬ ಆಭರಣ ವ್ಯಾಪಾರಿ ರೂಪಿಸಿದ ಕಟ್ಟುನಿಟ್ಟಿನ ನಿಯಮಗಳು ಬಂದವು: ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ಹಿಂದೆಮುಂದೆ ಆಗಕೂಡದು, ಕನಿಷ್ಠ 17 ಜ್ಯೂವೆಲ್ ಇರಬೇಕು. ಈ ಜ್ಯೂವೆಲ್ ಶೋಕಿಯ ಕಲ್ಲಲ್ಲ. ಉಕ್ಕಿನ ಅಚ್ಚು ಬರೀ ಲೋಹದ ತೂತಿನಲ್ಲಿ ತಿರುಗಿದರೆ ತೂತು ಸವೆಯುತ್ತದೆ. ಮಾಣಿಕ್ಯದ ತೂತಾದರೆ ತಡೆಯುತ್ತದೆ. ಸೆಕೆಂಡಿಗೆ ಐದು ಸಲ ಬಡಿಯುವ ಯಂತ್ರಕ್ಕೆ ಅದೇ ಆಯುಸ್ಸು. (ಎಚ್‌ಎಂಟಿ ಜನತಾ ಡಯಲ್ ಮೇಲೆ ‘17 ಜ್ಯೂವೆಲ್ಸ್’ ಎಂದು ಓದಿದ್ದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

17 ಸಾಕಾಗಿದ್ದರೂ ಕಂಪನಿಗಳು ಪೈಪೋಟಿಗೆ ಬಿದ್ದು 19, 21, 23 ಎಂದು ಏರಿಸಿದವು. ಸ್ಪ್ರಿಂಗ್‌ಫೀಲ್ಡಿನ ಇಲಿನಾಯ್ ಕಂಪನಿಯ ‘ಬನ್ ಸ್ಪೆಷಲ್’ 21ರಲ್ಲಿ ಬೇಕಾದಷ್ಟು ಸಿಗುತ್ತದೆ. 24ರದು ಕಷ್ಟ, 26ರದು ಅತಿ ವಿರಳ. ಆದರೆ ಕಲ್ಲು ಹೆಚ್ಚಿದ್ದರೆ ಮಾತ್ರ ಅಪರೂಪ ಎಂದುಕೊಂಡವರು ವಾಲ್ಥಮ್ ಕಂಪನಿಯ ‘ವ್ಯಾನ್‌ಗಾರ್ಡ್’ ನೋಡಲಿ. ಅದರ ಮೊದಮೊದಲ ಗಡಿಯಾರಗಳಲ್ಲಿ ಇದ್ದದ್ದು 17 ಕಲ್ಲು. ಆಮೇಲಿನ 21, 23ರವು ಇಂದಿಗೂ ಧಾರಾಳ, ಹುಡುಕಿದರೂ ಸಿಗದಿರುವುದು ಆ 17ರದೇ. ಅದನ್ನೇ ‘ಕೆಳದರ್ಜೆ ಮಾಲು’ ಎಂದು ಬಿಚ್ಚಿ, ಬಿಡಿಭಾಗ ತೆಗೆದು 23ರದಕ್ಕೆ ಜೋಡಿಸುತ್ತಾರೆ. ಇವರು ಚಿನ್ನ ಕರಗಿಸುವವರಲ್ಲ ಸ್ವಾಮಿ, ಸಂಗ್ರಾಹಕರು! ಪ್ರೀತಿಯ ಹೆಸರಿನಲ್ಲಿ ಕೊಲ್ಲುವವರು.

ಇನ್ನು ಹಲ್ಲುಚಕ್ರ ಕಿತ್ತು ಅಂಟಿನಲ್ಲಿ ಮುಳುಗಿಸಿ ಪದಕ, ಕಿವಿಯೋಲೆ ಮಾಡುವ ಕರಕುಶಲದ ಮಹನೀಯರು. ಚಂದ ಕಾಣಬೇಕಾದರೆ ಅಗ್ಗದ ತಗಡಿನ ಚಕ್ರ ಸಾಲದೇ?

ನಷ್ಟ ಒಂದು ಗಡಿಯಾರದ್ದಷ್ಟೇ ಅಲ್ಲ. ಯಾವ ಮಾದರಿ ಎಷ್ಟು ತಯಾರಾಯಿತು ಎಂಬ ಪೂರ್ತಿ ಲೆಕ್ಕ ಎಲ್ಲ ಕಾರ್ಖಾನೆಯದೂ ಉಳಿದಿಲ್ಲ. ಅಲ್ಲೆಲ್ಲ ಉಳಿದ ಗಡಿಯಾರಗಳ ಸೀರಿಯಲ್ ನಂಬರು ಕಲೆಹಾಕಿಯೇ ಇತಿಹಾಸ ಕಟ್ಟಬೇಕು. ಕವಚವೂ ಸಾಕ್ಷಿಯೇ: ಒಳಗಿನ ತಿರುಪಿನ ಗುರುತು ನೋಡಿದರೆ ಇದೇ ಯಂತ್ರ ಅದರಲ್ಲಿ ಮೊದಲಿಂದ ಕೂತಿತ್ತೋ, ಆಮೇಲೆ ತುರುಕಿದ್ದೋ ತಿಳಿಯುತ್ತದೆ. ಕರಗಿದ ಕವಚವನ್ನು ಯಾರು ಕೇಳಬೇಕು?

ರೈಲ್ವೆ ದರ್ಜೆಯ ಗಡಿಯಾರದಲ್ಲಿ ಸೀರಿಯಲ್ ನಂಬರು, ಹೆಸರು, ಸಾಮಾನ್ಯವಾಗಿ ಕಲ್ಲಿನ ಸಂಖ್ಯೆ ಕೂಡ ಯಂತ್ರದ ಮೇಲೆಯೇ ಕೆತ್ತಿರುತ್ತವೆ. ಮುಚ್ಚಳ ಹೇಗೂ ತೆಗೆದಾಯಿತು. ಓದಿ ಬರೆದುಕೊಳ್ಳಲು ಎರಡು ನಿಮಿಷ, ಒಂದು ಫೋಟೊ ತೆಗೆಯಲು ಅರೆ ನಿಮಿಷ. ಅಷ್ಟೂ ಪುರುಸೊತ್ತಿಲ್ಲದವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟವರು ಯಾರು?