ಹಂದಿ ಕಾಟಕ್ಕೆ ರೈಫಲ್ ಬೇಕೇ?



ಕಳೆದ ತಿಂಗಳು ಭಾನುವಾರದ ಬಲಿಪೂಜೆಯ ಬಳಿಕ ಗುಡ್ಡದ ವಾರ್ಡಿನ ಇಬ್ಬರು ಯುವಕರು ನಮ್ಮಲ್ಲಿಗೆ ಬಂದರು. ಒಂದೇ ರಾತ್ರಿಯಲ್ಲಿ ಒಬ್ಬನ ಅರುವತ್ತು ಬಾಳೆ, ಇನ್ನೊಬ್ಬನ ಮರಗೆಣಸಿನ ಇಡೀ ಹಿತ್ತಿಲು ಕಾಡುಹಂದಿಗಳ ಪಾಲಾಗಿತ್ತು. "ಫಾದರ್, ಅಪ್ಪನ ಕಾಲದ ತೋಟೆ ಕೋವಿ ಇನ್ನು ಸಾಲದು. ಕಡಿಮೆ ಬೆಲೆಯ ಒಂದು ಬೋಲ್ಟ್ ರೈಫಲ್, ಅದಕ್ಕೊಂದು ಸ್ಕೋಪ್ ತೆಗೆದುಕೊಳ್ಳಬೇಕೆಂದಿದ್ದೇವೆ. ಲೈಸನ್ಸಿನ ಅರ್ಜಿಯ ಜೊತೆ ಇಡಲು ನಿಮ್ಮದೊಂದು ಪತ್ರ ಬೇಕು" ಎಂದರು. ಯೋಚಿಸಿ ಹೇಳುತ್ತೇವೆ ಎಂದು ಕಳುಹಿಸಿದೆವು. ಆ ಉತ್ತರ ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ನಮ್ಮ ದೇಶದಲ್ಲಿ ಹವ್ಯಾಸದ ಬೇಟೆ ಎಂಬುದಿಲ್ಲ. ತೋಟಕ್ಕೆ ನುಗ್ಗಿದ ಹಂದಿಯನ್ನೂ ಅನುಮತಿಯಿಲ್ಲದೆ ಕೊಲ್ಲುವುದು ಅಪರಾಧ. ಕೇರಳ ಸರಕಾರವು 2022ರ ಮೇ ತಿಂಗಳಲ್ಲಿ ಈ ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತು, ನಗರಸಭೆಗಳ ಅಧ್ಯಕ್ಷರಿಗೆ ವಹಿಸಿತು. ಲೈಸನ್ಸ್ ಇದ್ದವರೇ ಗುಂಡು ಹಾರಿಸಬೇಕು. ವಿಷ, ಸಿಡಿಮದ್ದು, ಕರೆಂಟು ಕೂಡದು. ಸತ್ತ ಹಂದಿಯನ್ನು ಸರಿಯಾಗಿ ಹೂಳಬೇಕು. ಈಗ ಯಾವ ಆದೇಶ ಜಾರಿಯಲ್ಲಿದೆ ಎಂಬುದನ್ನು ಪಂಚಾಯತು ಕಚೇರಿಯಲ್ಲಿ ಕೇಳಿ ತಿಳಿದ ಬಳಿಕವೇ ಮುಂದಿನ ಹೆಜ್ಜೆ ಇಡಿ.

ಇನ್ನು ಕೋವಿಯ ವಿಚಾರ. 1959ರ ಆಯುಧ ಕಾಯ್ದೆಯ 13ನೇ ಕಲಮು ಬೆಳೆ ಕಾಯುವವನಿಗೆ ಬಾಯಿಮದ್ದಿನ ಕೋವಿಯನ್ನು, ನಮ್ಮವರು ಕೇಪಿನ ಕೋವಿ ಎನ್ನುವುದನ್ನು, ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಗೀರಿಲ್ಲದ ಕೋವಿ ಕೊಡಬಹುದು. ನಮ್ಮ ಮನೆಗಳಲ್ಲಿರುವ ಒಂಟಿನಳಿಗೆ, ಜೋಡುನಳಿಗೆಯ ತೋಟೆ ಕೋವಿಗಳು ಈ ಬಗೆಯವು. ಬೆಳೆ ರಕ್ಷಣೆಯ ಈ ಮಾತಿನಲ್ಲಿ ರೈಫಲ್ ಬರುವುದಿಲ್ಲ.

ಇದಕ್ಕೆ ಕಾರಣವಿದೆ. ನಮ್ಮಲ್ಲಿ ಲೈಸನ್ಸಿಗೆ ಸಿಗುವ ಬೋಲ್ಟ್ ರೈಫಲುಗಳಲ್ಲಿ ಹೆಸರಾದದ್ದು ಬಂಗಾಳದ ಈಶಾಪುರದ ಸರಕಾರಿ ಕಾರ್ಖಾನೆಯ ಪಾಯಿಂಟ್ 315. ಹಿಂದಿನ ಸೇನೆಯ ಲೀ-ಎನ್‌ಫೀಲ್ಡ್ ರೈಫಲಿನ ಕುಲದ್ದು. ಬಾಗಿಲ ಚಿಲಕದಂತೆ ಬೋಲ್ಟನ್ನು ಹಿಂದಕ್ಕೆಳೆದು ಮುಂದಕ್ಕೆ ದೂಡಿದರೆ ಖಾಲಿ ತೋಟೆ ಹೊರಬಿದ್ದು ಹೊಸದು ನಳಿಗೆಗೆ ಸೇರುತ್ತದೆ. ಗಟ್ಟಿಮುಟ್ಟಾದ ಆಯುಧವೆಂಬುದರಲ್ಲಿ ಸಂಶಯವಿಲ್ಲ. ಆದರೆ ಗುರಿ ತಪ್ಪಿದ ಅದರ ಗುಂಡು ಒಂದು ಮೈಲಿಗೂ ಆಚೆ ಹೋಗಬಲ್ಲದು. ಮುರಕಲ್ಲಿಗೆ ಬಡಿದರೆ ಯಾವ ದಿಕ್ಕಿಗೆ ಹಾರೀತೆಂದು ಹೇಳಲಾಗದು. ತೋಟೆ ಕೋವಿಯ ಚರೆ ಮೂವತ್ತು ಮೀಟರಿನೊಳಗೆ ಕೆಲಸ ಮಾಡಿ ಬೇಗ ಕಸುವು ಕಳೆದುಕೊಳ್ಳುತ್ತದೆ.

ನಮ್ಮ ಊರನ್ನೊಮ್ಮೆ ನೋಡಿ. ಕೆಳಗೆ ಅಡಿಕೆ ತೋಟ, ನಡುವೆ ಮನೆ, ಮೇಲೆ ಗೇರುಗುಡ್ಡ, ಅದರಾಚೆ ರಬ್ಬರು. ಯಾವ ಕಡೆಗೆ ನಳಿಗೆ ತಿರುಗಿಸಿದರೂ ಮೈಲಿಯೊಳಗೆ ಒಬ್ಬರ ಅಂಗಳವಿದೆ. ಹಂದಿ ಬರುವ ಬೆಳಗಿನ ಜಾವದಲ್ಲೇ ರಬ್ಬರು ಟ್ಯಾಪಿಂಗಿನವರು ಹಣೆಗೆ ದೀಪ ಕಟ್ಟಿಕೊಂಡು ಇಳಿಜಾರಿನಲ್ಲಿ ಇರುತ್ತಾರೆ. ಅವರಲ್ಲಿ ನಮ್ಮ ಮನೆಯವರೂ ಇದ್ದಾರೆ.

ರೈಫಲಿನ ಒಂದೇ ಗುಂಡಿಗೆ ಹಂದಿ ಸಾಯುತ್ತದೆ, ಚರೆ ತಗಲಿದ್ದು ನರಳುತ್ತಾ ತಿರುಗಿ ಬೀಳುತ್ತದೆ ಎಂದು ಆ ಯುವಕರು ವಾದಿಸಿದರು. ಸುಳ್ಳಲ್ಲ. ಅದಕ್ಕಾಗಿಯೇ ಸಣ್ಣ ಚರೆ ಬಿಟ್ಟು ಎಲ್.ಜಿ. ತೋಟೆ ಬಳಸಬೇಕು, ಮೂವತ್ತು ಮೀಟರು ಮೀರಿದರೆ ಕುದುರೆಗೆ ಬೆರಳು ತಾಗಿಸಬಾರದು.

ಸ್ಕೋಪಿನ ಬಗ್ಗೆಯೂ ಹೇಳಬೇಕು. 4×32 ಎಂದರೆ ನಾಲ್ಕು ಪಟ್ಟು ಹತ್ತಿರ ಕಾಣಿಸುವುದು. 32 ಎಂಬುದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವವು ಹೆಚ್ಚಾಗಿ ಗಾಳಿಕೋವಿಯವು. ರೈಫಲಿನ ಒದೆತಕ್ಕೆ ಗುರಿ ಕದಲುತ್ತದೆ, ನಮ್ಮ ಆಷಾಢದ ಮಳೆಗೆ ಗಾಜು ಮಂಜಾಗುತ್ತದೆ. ಒಳ್ಳೆಯದನ್ನೇ ಕೊಂಡರೂ ಗುರಿ ಕೂಡಿಸಲು ಹಲವು ತೋಟೆ ಸುಡಬೇಕು, ಆದರೆ ವರ್ಷಕ್ಕೆ ಎಷ್ಟು ತೋಟೆ ಎಂಬುದು ಲೈಸನ್ಸಿನಲ್ಲೇ ಬರೆದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕೋಪಿನಲ್ಲಿ ಕಣ್ಣಿಟ್ಟವನಿಗೆ ಹಂದಿ ದೊಡ್ಡದಾಗಿ ಕಾಣುತ್ತದೆ, ಅದರ ಪಕ್ಕದಲ್ಲಿ ಏನಿದೆ ಎಂಬುದು ಕಾಣುವುದಿಲ್ಲ. ಪೊದೆ ಅಲುಗಿದಾಗ ಏನೆಂದು ನೋಡಲು ಸ್ಕೋಪ್ ತಿರುಗಿಸುವವನು ತುಂಬಿದ ನಳಿಗೆಯನ್ನೂ ಅತ್ತಲೇ ತಿರುಗಿಸುತ್ತಾನೆ. ನೋಡುವುದಕ್ಕೆ ಟಾರ್ಚು ಇರಲಿ.

ಹಿಂದೆ ನಾವಿದ್ದ ಒಂದು ಊರಿನಲ್ಲಿ, ರಾತ್ರಿ ಪಂಪು ಬಂದ್ ಮಾಡಲು ಹೋದ ಯುವಕನೊಬ್ಬ ನೆರೆಯವನ ಈಡಿಗೆ ಸತ್ತ. ಹಂದಿಯೆಂದು ಭಾವಿಸಿದನಂತೆ. ಕೋವಿಯಲ್ಲಿ ದೋಷವಿರಲಿಲ್ಲ, ಟಾರ್ಚು ಹಾಕಿ ಅರೆನಿಮಿಷ ಕಾದಿದ್ದರೆ ಸಾಕಿತ್ತು. ಆ ಶವಸಂಸ್ಕಾರ ನಡೆಸಿದವರು ನಾವು. ಎರಡೂ ಮನೆಯವರು ನಮ್ಮವರೇ. ಈಡು ಹಾಕಿದವನ ತಾಯಿ ಹಿಂದಿನ ಬಾಗಿಲ ಬಳಿ ನಿಂತೇ ಇದ್ದರು, ಒಳಗೆ ಬರಲಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇದು. ರೈಫಲಿಗೂ ಸ್ಕೋಪಿಗೂ ಕೂಡಿಟ್ಟ ಹಣವನ್ನು ಮೊದಲು ಬೇಲಿಗೆ ಹಾಕಿ. ಹಂದಿ ಒಂದೇ ಗುಡ್ಡದಿಂದ ಇಳಿಯುವಾಗ ನಾಲ್ಕು ಮನೆಯವರು ಸೇರಿ ಸೋಲಾರ್ ಬೇಲಿ ಹಾಕಿದರೆ ತಲೆಗೆ ಬೀಳುವ ಖರ್ಚು ಕಡಿಮೆ. ಕೆಳಗಿನ ತಂತಿ ನೆಲದಿಂದ ಒಂದು ಅಡಿಗಿಂತ ಕೆಳಗಿರಲಿ, ಮಳೆಗಾಲದಲ್ಲಿ ಹುಲ್ಲು ತಾಗದಂತೆ ಸವರುತ್ತಿರಿ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವ ಪಾಪಕ್ಕೆ ಎಂದೂ ಇಳಿಯಬೇಡಿ. ಚುನಾವಣೆ ಬಂದಾಗ ಕೋವಿ ಠಾಣೆ ಸೇರುತ್ತದೆ, ಬೆಳೆ ಮಾತ್ರ ತೋಟದಲ್ಲೇ ಇರುತ್ತದೆ. ಆಗಲೂ ಬೇಲಿ ಕಾಯುತ್ತದೆ.

ಕೋವಿ ಬೇಕೇ ಬೇಕೆಂದಾದರೆ ವಾರ್ಡಿಗೊಬ್ಬ ತಾಳ್ಮೆಯ ಮನುಷ್ಯ ತೋಟೆ ಕೋವಿ ಇಟ್ಟುಕೊಳ್ಳಲಿ. 2016ರ ಆಯುಧ ನಿಯಮಗಳು ಕೇಳುವ ತರಬೇತಿಯನ್ನು ಶ್ರದ್ಧೆಯಿಂದ ಪಡೆಯಲಿ. ಈಡಿನ ಸದ್ದಿಗೆ ಹಾಳಾದ ಕಿವಿ ಮರಳಿ ಸರಿಯಾಗದು, ಕಿವಿಗೆ ರಕ್ಷಣೆ ಇರಲಿ. ಕುಡಿದ ದಿನ ಕೋವಿ ಮುಟ್ಟಬಾರದು. ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ ಇರಲಿ. ಕೀಲಿ ಮಕ್ಕಳಿಗೆ ಸಿಗದಿರಲಿ.

ಆ ಇಬ್ಬರು ಯುವಕರಿಗೆ ನಮ್ಮ ಪತ್ರ ಸಿದ್ಧವಿದೆ. ಒಂದು ಬೇಲಿಯ ಸಾಲಕ್ಕಾಗಿ ಬ್ಯಾಂಕಿಗೆ, ಇನ್ನೊಂದು ಅವರಪ್ಪನ ತೋಟೆ ಕೋವಿಯ ಲೈಸನ್ಸ್ ಮಗನ ಹೆಸರಿಗೆ ಸಿಗಲೆಂದು. ರೈಫಲಿಗೆ ಬರೆಯಲು ನಮ್ಮ ಕೈ ಏಳುವುದಿಲ್ಲ. ಬೇಸರಿಸದೆ ಬಂದು ಒಯ್ಯಲಿ.