ಇರುಳನ್ನೆಣಿಸುವ ಗಿಡ

ಗಿಡಕ್ಕೆ ಬೆಳಕು ಬೇಕೆಂಬುದು ಎಲ್ಲ ವಿದ್ಯಾರ್ಥಿಗಳೂ ಬಲ್ಲ ಸಂಗತಿ. ಕತ್ತಲೆಯೂ ಬೇಕು, ಅದೂ ಗಂಟೆಗಳ ಲೆಕ್ಕದಲ್ಲಿ ಬೇಕು ಎಂದರೆ ಬಹುಮಂದಿ ಹುಬ್ಬೇರಿಸುತ್ತಾರೆ. ಇದಕ್ಕೆ ನಮ್ಮ ಪಠ್ಯಪುಸ್ತಕಗಳ ‘ಹ್ರಸ್ವದಿನ ಸಸ್ಯ’ ಎಂಬ ಹೆಸರೇ ಬಹುಮಟ್ಟಿಗೆ ಕಾರಣವೆಂದು ನನ್ನ ಅಭಿಪ್ರಾಯ.

1912ರ ಸುಮಾರಿಗೆ ಟೂರ್ನ್ವಾ ಎಂಬ ಫ್ರೆಂಚ್ ವಿಜ್ಞಾನಿ ಭಂಗಿ ಗಿಡಗಳಿಗೆ ದಿನವೂ ಕೆಲವೇ ಗಂಟೆಗಳ ಬೆಳಕನ್ನಿತ್ತು ನೋಡಿದನು. ಅವು ಎಳೆತನದಲ್ಲಿಯೇ ಹೂಬಿಟ್ಟವು. ಇದಕ್ಕೆ ಹಗಲು ಕುಗ್ಗಿದ್ದಕ್ಕಿಂತ ಇರುಳು ಹಿಗ್ಗಿದ್ದೇ ಕಾರಣವಿರಬೇಕೆಂದು ಆತನು 1914ರಲ್ಲಿಯೇ ಬರೆದನು. ಮೊದಲನೆಯ ಮಹಾಯುದ್ಧದಲ್ಲಿ ಆತನು ಮಡಿದನು. ಕೆಲಸ ಅಲ್ಲಿಗೇ ನಿಂತಿತು. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬವರು ಹೊಗೆಸೊಪ್ಪು ಮೊದಲಾದ ಬೆಳೆಗಳಲ್ಲಿ ಇದೇ ಗುಣವನ್ನು ವಿವರವಾಗಿ ತೋರಿಸಿ, ಹಗಲಿನ ಉದ್ದವನ್ನೇ ಪ್ರಧಾನವೆಂದು ಬಗೆದು ಹೆಸರಿಟ್ಟರು. ನಾವು ಅದನ್ನು ಹಾಗೆಯೇ ಅನುವಾದಿಸಿಕೊಂಡೆವು.

ಹ್ಯಾಮ್ನರ್ ಮತ್ತು ಬಾನರ್ 1938ರಲ್ಲಿ ಕ್ಸಾಂಥಿಯಮ್ ಎಂಬ ಕಳೆಗಿಡದ ಮೇಲೆ ನಡೆಸಿದ ಪ್ರಯೋಗ ಸಂದೇಹವನ್ನು ಕಳೆಯಿತು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲೆ ಮಾಡಿದರೆ ಏನೂ ಆಗಲಿಲ್ಲ. ಇರುಳಿನ ನಡುವೆ ಕ್ಷಣಕಾಲ ದೀಪ ಬೆಳಗಿದರೆ ಹೂವೇ ಬರಲಿಲ್ಲ! ಆಹಾರ ತಯಾರಿಕೆಗೆ ಎಲೆಗೆ ಬೇಕಾಗುವ ಬೆಳಕು ಅಪಾರ. ಈ ಗಡಿಯಾರವನ್ನು ಕೆಡಿಸಲು ಅದರ ಅತ್ಯಲ್ಪ ಅಂಶ ಸಾಕು. 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಕಿರಣ ಇರುಳನ್ನು ಮುರಿಯುತ್ತದೆ. ಒಡನೆಯೇ 730ರ ದೂರಕೆಂಪನ್ನು ಹಾಯಿಸಿದರೆ ಮುರಿದುದು ಸರಿಹೋಗುತ್ತದೆ. ಎರಡಕ್ಕೂ ಸ್ಪಂದಿಸುವುದು ಫೈಟೋಕ್ರೋಮ್ ಎಂಬ ಒಂದೇ ವರ್ಣದ್ರವ್ಯ. ಭೌತಶಾಸ್ತ್ರದವನಾದ ನನಗೆ ಇದಕ್ಕಿಂತ ಸೊಗಸಾದ ವಿದ್ಯುತ್ ಸ್ವಿಚ್ಚು ಕಾಣದು.

ಹಗಲಿರುಳು ಕೂಡಿ 24 ಗಂಟೆಯೇ ಆದ್ದರಿಂದ ಹೆಸರು ಯಾವುದಾದರೇನು ಎಂದು ಸಹೋದ್ಯೋಗಿಗಳು ಕೇಳುವುದುಂಟು. ಬಯಲಿನಲ್ಲಿ ಅದು ಸರಿ. ಸೂರ್ಯನಿಲ್ಲದ ಕೋಣೆಯಲ್ಲಿ ವ್ಯತ್ಯಾಸ ಬಯಲಾಗುತ್ತದೆ. ಕೆನಡಾದಲ್ಲಿ 2018ರಿಂದ ಭಂಗಿಯ ಕೃಷಿ ಕಾನೂನುಬದ್ಧ (ನಮ್ಮಲ್ಲಿ 1985ರ ಕಾಯಿದೆಯಂತೆ ಅನುಮತಿಯಿಲ್ಲದ ಬೆಳೆ ಅಪರಾಧ). ಅಲ್ಲಿನ ದೀಪದ ಕೋಣೆಗಳಲ್ಲಿ ಸಾಮಾನ್ಯವಾಗಿ 18 ಗಂಟೆಯ ಬೆಳಕಿನಲ್ಲಿ ಎಲೆ ಬೆಳೆಸಿ, ಅನಂತರ 12 ಗಂಟೆಗಳ ಅಖಂಡ ಕತ್ತಲೆಯನ್ನಿತ್ತು ಹೂ ಬರಿಸುತ್ತಾರೆ. ಬಾಗಿಲ ಸಂದಿಯಿಂದ ಬೆಳಕು ಸೋರಿದರೆ ಹೂ ಕೆಡುವ ಭಯ! ಹಗಲು ಮಾತ್ರ ಲೆಕ್ಕಕ್ಕೆ ಬರುವುದಾದರೆ ಅಷ್ಟು ಎಚ್ಚರವೇಕೆ?

ನಮ್ಮ ಸೇವಂತಿಗೆ ಬೆಳೆಗಾರರಲ್ಲಿ ಕೆಲವರು ಹೂವನ್ನು ತಡಮಾಡಿಸಲು ರಾತ್ರಿ ಹೊಲದ ಮೇಲೆ ಬಲ್ಬುಗಳನ್ನು ಉರಿಸುತ್ತಾರೆ. ಅವರಿಗೆ ತಿಳಿದುದನ್ನು ನಮ್ಮ ಪುಸ್ತಕಗಳೂ ಒಪ್ಪಿಕೊಂಡು, ಮುಂದಿನ ಮುದ್ರಣದಲ್ಲಿ ‘ದೀರ್ಘರಾತ್ರಿ ಸಸ್ಯ’ ಎಂದು ಅಚ್ಚುಮಾಡಲಿ. ಹಳೆಯ ಹೆಸರು ಬೇಕಿದ್ದರೆ ಪಕ್ಕದಲ್ಲಿ ಕಂಸದೊಳಗೆ ಉಳಿಯಲಿ.