ಬೆನ್ನಿನ ಹೊರೆಯೂ ತಾಯ್ತಂದೆಗಳ ಅಂಜಿಕೆಯೂ

ನಮ್ಮ ಶಾಲೆಯನ್ನು ಬಿಟ್ಟು ಕಾಲೇಜನ್ನು ಸೇರಿರುವ ಬಾಲಿಕೆಯರಲ್ಲಿ ಕೆಲವರು ಕಾಶ್ಮೀರದ ಸರೋವರಗಳಿಗೆ ಕಾಲ್ನಡೆಯಾಗಿ ಹೋಗಬೇಕೆಂದಿರುವರು. ಕಳುಹಿಸಬಹುದೇ ಎಂದು ಅವರ ತಾಯ್ತಂದೆಗಳು ನನ್ನನ್ನು ಕೇಳಿರುವರು. ಅವಶ್ಯವಾಗಿ ಕಳುಹಿಸಬೇಕೆಂಬುದೇ ನನ್ನ ಮತವು.

ಸೋನಾಮರ್ಗದಿಂದ ನಾರಾನಾಗಕ್ಕೆ ಹೋಗುವ ಈ ದಾರಿಯಲ್ಲಿ ವಿಷನ್‌ಸರ್, ಕೃಷನ್‌ಸರ್, ಗಡಸರ್, ಗಂಗಾಬಲ್ ಮೊದಲಾದ ಸರೋವರಗಳಿರುವುವು. ಜುಲೈ ತಿಂಗಳಲ್ಲಿ ಹಿಮವು ಕರಗಿ ಹುಲ್ಲುಗಾವಲುಗಳೆಲ್ಲ ಹೂವಾಗುವುವು. ಬಕರ್ವಾಲರು ಕುರಿಮಂದೆಗಳೊಡನೆ ಏರಿ ಬರುವರು. ಅವರ ಹೆಂಗಸರೂ ಮಕ್ಕಳೂ ವರುಷವರುಷವೂ ನಡೆಯುವ ನಾಡಿನಲ್ಲಿ ನಮ್ಮ ಹುಡುಗಿಯರು ಆರೇಳು ದಿನ ನಡೆಯಲಾರರೇ?

ಮೈಬಣ್ಣ ಕಂದೀತು, ನೆಂಟರು ಏನೆಂದಾರು ಎಂಬ ಅಂಜಿಕೆಗೆ ನಾನು ಉತ್ತರ ಕೊಡುವುದಿಲ್ಲ. (ಅಣ್ಣತಮ್ಮಂದಿರು ಹೊರಟಾಗ ಈ ಪ್ರಶ್ನೆಯೇ ಏಳುವುದಿಲ್ಲವಷ್ಟೆ!) ಅಂಜತಕ್ಕದ್ದು ಎತ್ತರಕ್ಕೆ. ಬೆಂಗಳೂರು ಸುಮಾರು 3,000 ಅಡಿ, ಸೋನಾಮರ್ಗವು ಸುಮಾರು 9,000 ಅಡಿ. ಗಡಸರ್ ಘಾಟಿಯು 13,000 ಅಡಿಗಳಿಗೂ ಮಿಕ್ಕದ್ದು. ಅಲ್ಲಿ ಉಸಿರಿಗೆ ದೊರೆಯುವ ಪ್ರಾಣವಾಯು ಕಡಮೆ. ದೇಹವು ಒಗ್ಗಿಕೊಳ್ಳಲು ದಿನಗಳು ಬೇಕು. 10,000 ಅಡಿಗಳ ಮೇಲೆ, ಮಲಗುವ ತಾಣವು ದಿನಕ್ಕೆ 1,600 ಅಡಿಗಿಂತ ಹೆಚ್ಚು ಏರಲಾಗದು. ತಲೆನೋವೂ ವಾಕರಿಕೆಯೂ ಕಂಡರೆ ಮುಂದಕ್ಕೆ ಏರತಕ್ಕದ್ದಲ್ಲ. ನಡಿಗೆ ತೂರಾಡಿದರೆ ತಡಮಾಡದೆ ಕೆಳಕ್ಕಿಳಿಸಬೇಕು. ಆದುದರಿಂದ ಹಣ ಕಟ್ಟುವ ಮೊದಲು, ಒಂದೊಂದು ರಾತ್ರಿಯೂ ತಂಗುವ ಎತ್ತರವೆಷ್ಟು, ವಿಶ್ರಾಂತಿಯ ದಿನಗಳೆಷ್ಟು ಎಂಬುದನ್ನು ತಂಡದವರಿಂದ ಬರೆಯಿಸಿಕೊಳ್ಳಿರಿ. ಉತ್ತರ ಸರಿಯಾಗಿ ಬಾರದಿದ್ದರೆ ಬೇರೆ ತಂಡವನ್ನು ನೋಡಿರಿ.

ಹೊರೆಯನ್ನು ಕುದುರೆಗೆ ಹೊರಿಸಬಾರದೇ ಎಂದೂ ಕೆಲವರು ಕೇಳುವರು. ಗುಡಾರವೂ ಅಡಿಗೆಯ ಸಾಮಾನೂ ಕುದುರೆಯ ಮೇಲೆ ಬರಲಿ. ಮಳೆಯಂಗಿ, ಬೆಚ್ಚನೆಯ ಉಡುಪು, ಕುಡಿಯುವ ನೀರು ಇವು ಅವಳ ಬೆನ್ನಿನ ಮೇಲೆಯೇ ಇರಬೇಕು. ಮಳೆ ಹೊಡೆಯುವಾಗ ಕುದುರೆಯು ಒಂದು ಹರದಾರಿ ಮುಂದಿರುವುದು. ಚೀಲವನ್ನು ಅವಳೇ ಕಟ್ಟಲಿ. ತಾಯಂದಿರು ಅದರೊಳಗೆ ಚಕ್ಕುಲಿಯ ಡಬ್ಬಿಯನ್ನು ತುರುಕದಿರಲಿ.